ಯಾರ ಮೇಜಿಗೂ ಬಾರದ ಮಾತು

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹಿಂದೆ ಮರೆಯಾಯಿತು, ಮತ್ತೆ ಸುಳಿವಿಲ್ಲ. ಥ್ರಸ್ಟರುಗಳ ಲೆಕ್ಕವನ್ನು ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಪೌಂಡ್ ಬಲದ ಅಳತೆಯಲ್ಲಿ ಕೊಡುತ್ತಿತ್ತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಅದನ್ನು ನ್ಯೂಟನ್ ಎಂದೇ ಓದುತ್ತಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದಿತ್ತು.

ಜನರ ನೆನಪಲ್ಲಿ ಉಳಿದದ್ದು ಈ ಎಡವಟ್ಟಷ್ಟೇ. ತನಿಖಾ ಮಂಡಳಿ ಕಂಡದ್ದು ಇನ್ನೂ ಕಸಿವಿಸಿಯ ಸಂಗತಿ. ಲೆಕ್ಕ ತಾಳೆಯಾಗುತ್ತಿಲ್ಲವೆಂದು ಪಥ ಲೆಕ್ಕಹಾಕುವವರಿಗೆ ತಿಂಗಳುಗಳ ಮೊದಲೇ ಅನುಮಾನವಿತ್ತು. ಇಮೇಲ್‌ನಲ್ಲಿ ತಿಳಿಸಿದ್ದರು ಕೂಡ. ಆದರೆ ದೋಷ ದಾಖಲಿಸುವ ಅಧಿಕೃತ ಕ್ರಮದಲ್ಲಿ ಅದು ಸೇರಲಿಲ್ಲ. ಹಾಗಾಗಿ ಉತ್ತರಿಸುವ ಹೊಣೆಯೂ ಯಾರ ಮೇಲೂ ಬೀಳಲಿಲ್ಲ. ಕೊನೆಗೆ ದಾರಿ ತಿದ್ದಲು ಐದನೆಯ ಅವಕಾಶವೊಂದಿತ್ತು. ಅದರ ಬಗ್ಗೆ ಚರ್ಚೆ ನಡೆಯಿತು, ತಯಾರಿ ಮಾತ್ರ ಇರಲಿಲ್ಲ.