ಮಾಚು ಪಿಕ್ಚು: ಬೆಟ್ಟದ ಹೆಸರು ಊರಿಗೆ ಬಂದದ್ದು

ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ 'ಮಾಚು ಪಿಚ್ಚು' ಎಂದು ಬರೆಯುತ್ತವೆ. ಪೆರುವಿನ ಕೆಚುವಾ ನುಡಿಯವರ ಬಾಯಲ್ಲಿ ಅದು 'ಪಿಕ್ಚು'. ಸ್ಪ್ಯಾನಿಷ್ ಬರಹದಲ್ಲಿರುವ ಜೋಡಿ 'ಸಿ'ಗಳಲ್ಲಿ ಮೊದಲನೆಯದು ಕಕಾರ. ಹೆಸರು ಇಂಗ್ಲಿಷಿನ ದಾರಿಯಲ್ಲಿ ನಮ್ಮಲ್ಲಿಗೆ ಬರುವಾಗ ಆ ಕಕಾರ ಉದುರಿಹೋಯಿತು. ಒತ್ತಕ್ಷರಗಳಿರುವ ಕನ್ನಡಕ್ಕೆ ಅದನ್ನು ಉಳಿಸಿಕೊಳ್ಳುವುದೇನೂ ಕಷ್ಟವಲ್ಲ.

ಪಿಕ್ಚು ಎಂದರೆ ಶಿಖರ. ದವಡೆಯಲ್ಲಿಟ್ಟು ಅಗಿಯುವ ಕೋಕಾ ಎಲೆಯ ಉಂಡೆಗೂ ಇದೇ ಪದವುಂಟು. ಮಾಚು ಎಂದರೆ 'ಹಳೆಯ' ಎಂದು ಪ್ರವಾಸಿ ಕೈಪಿಡಿಗಳು ಅರ್ಥ ಹೇಳುತ್ತವೆ. ಆದರೆ ಸವೆದ ಬಟ್ಟೆಗೋ ಹಳೆಯ ಪಾತ್ರೆಗೋ ಕೆಚುವಾದವರು ಮಾಚು ಎನ್ನುವುದಿಲ್ಲ, ಅದಕ್ಕೆ 'ಮೌಕ' ಎಂಬ ಬೇರೆ ಪದವಿದೆ. ಮಾಚು ಎಂದರೆ ವಯಸ್ಸಾದ ಗಂಡಸು, ಹಿರೀಕ. ಮಾಚು ಪಿಕ್ಚು ಬೆಟ್ಟಕ್ಕೆ ಎದುರಿನ ಬೆಟ್ಟದ ಹೆಸರು ವಾಯ್ನಾ ಪಿಕ್ಚು. ವಾಯ್ನಾ ಎಂದರೆ ಹರೆಯದ ಹುಡುಗ. ಬೆಟ್ಟಗಳನ್ನು 'ಅಪು', ಅಂದರೆ ಒಡೆಯ, ಎಂದು ಕರೆದು ಕೈಮುಗಿಯುವ ಜನ ಒಂದನ್ನು ಹಿರಿಯನೆಂದೂ ಇನ್ನೊಂದನ್ನು ಕಿರಿಯನೆಂದೂ ಗುರುತಿಸಿದ್ದಾರೆ. ಹಿರೇಮಗಳೂರು, ಚಿಕ್ಕಮಗಳೂರುಗಳನ್ನು ಬಲ್ಲ ನಮಗೆ ಇದು ಹೊಸದೇನಲ್ಲ.

ಈ ಎರಡು ಬೆಟ್ಟಗಳ ನಡುವಿನ ಏಣಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ, ಇಂಕಾ ದೊರೆ ಪಚಕುಟಿಯ ಕಾಲದಲ್ಲಿ ಊರು ಎದ್ದಿತು. ಅಲ್ಲಿ ಸಿಕ್ಕ ಮೂಳೆಗಳ ಕಾಲನಿರ್ಣಯದ ಪ್ರಕಾರ 1420ರ ಹೊತ್ತಿಗೇ ಜನ ನೆಲೆಸಿದ್ದರು. ಅವರು ಊರನ್ನು ಏನೆಂದು ಕರೆಯುತ್ತಿದ್ದರು? ಇಂಕಾಗಳಿಗೆ ಲಿಪಿಯಿರಲಿಲ್ಲ. ಲೆಕ್ಕಪತ್ರವೆಲ್ಲ 'ಕಿಪು' ಎಂಬ ಗಂಟುದಾರಗಳಲ್ಲಿ ನಡೆಯುತ್ತಿತ್ತು. ಹಾಗಾಗಿ ಹೆಸರು ಕಾಗದಕ್ಕಿಳಿದದ್ದು ಅವರನ್ನು ಗೆದ್ದ ಸ್ಪ್ಯಾನಿಷರ ಕೈಯಿಂದಲೇ. 1568ರ ಸ್ಪ್ಯಾನಿಷ್ ದಾಖಲೆಯೊಂದು ಉರುಬಂಬ ನದಿಯ ಕೆಳಗಣ ಕಣಿವೆಯ ಜಮೀನುಗಳನ್ನು ಪಚಕುಟಿಯ ಆಸ್ತಿಯೆಂದು ಹೇಳುವಾಗ ಅಲ್ಲಿನ 'ಪಿಚೊ'ವನ್ನು ಹೆಸರಿಸುತ್ತದೆ. ವಿಲ್ಕಬಂಬ ಸೀಮೆಯ ಮೂಲನಿವಾಸಿಗಳು ವಾಯ್ನಾ ಪಿಕ್ಚುವಿಗೆ ಮರಳಿ ನೆಲೆಸುವ ಯೋಚನೆಯಲ್ಲಿದ್ದಾರೆ ಎಂಬ ಮಾತು 1588ರ ಇನ್ನೊಂದು ದಾಖಲೆಯಲ್ಲಿದೆ. ಬರೀ ಕಡಿದಾದ ಶಿಖರದ ಮೇಲೆ ನೆಲೆಸುವ ಯೋಚನೆ ಯಾರೂ ಮಾಡುವುದಿಲ್ಲವಲ್ಲ. ಅಲ್ಲಿ ಆ ಹೆಸರು ಬೆಟ್ಟದ್ದಲ್ಲ, ಊರಿನದು.

ಮುಂದೆ ಫ್ರೆಂಚ್ ಪ್ರವಾಸಿ ಚಾರ್ಲ್ಸ್ ವೀನರ್, 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎರಡೂ ಹೆಸರುಗಳನ್ನು ಕೇಳಿದ್ದಾಗಿ ಬರೆದ. ಸ್ಥಳಕ್ಕೆ ಮಾತ್ರ ಅವನು ಹೋಗಲಿಲ್ಲ. 1902ರಲ್ಲಿ ಅಗುಸ್ಟಿನ್ ಲಿಜಾರಗ ಎಂಬ ಸ್ಥಳೀಯ ಅಲ್ಲಿಗೆ ಹತ್ತಿ, ಮೂರು ಕಿಟಕಿಗಳ ಗುಡಿಯ ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಹೆಸರನ್ನೂ ಇಸವಿಯನ್ನೂ ಬರೆದುಬಂದ. ಊರಿನ ಹೆಸರು ಗೊತ್ತುಮಾಡಿದ್ದು ಮಾತ್ರ 1911ರ ಜುಲೈ 24. ಅಂದು ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್‌ನನ್ನು ಮೇಲಕ್ಕೆ ಕರೆದೊಯ್ದವನು ರೈತ ಮೆಲ್ಚೊರ್ ಅರ್ಟೆಯಾಗ. ಅವನು ಹೇಳಿದ ಹೆಸರು ಮಾಚು ಪಿಕ್ಚು. ಮರುವರ್ಷ ಆ ಜಮೀನಿನ ಒಡೆಯರ ಮಗ, ಪಾಳುಬಿದ್ದ ಊರಿನ ಹೆಸರು ವಾಯ್ನಾ ಪಿಕ್ಚು ಎಂದು ಹೇಳಿದರೂ ಬಿಂಗಮ್ ಕಿವಿಗೆ ಹಾಕಿಕೊಳ್ಳಲಿಲ್ಲ. 1913ರಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಒಂದಿಡೀ ಸಂಚಿಕೆಯನ್ನು ಈ ಶೋಧಕ್ಕೆ ಮೀಸಲಿಟ್ಟಿತು. ಅಚ್ಚಾದ ಹೆಸರೇ ಅಧಿಕೃತವಾಯಿತು.

ಬಿಂಗಮ್‌ನ ಟಿಪ್ಪಣಿಗಳು, ಹಳೆಯ ಭೂಪಟಗಳು, ಜಮೀನಿನ ಕಡತಗಳನ್ನೆಲ್ಲ ತಿರುವಿಹಾಕಿದ ಸಂಶೋಧಕರಾದ ಡೊನಾಟೊ ಅಮಾಡೊ ಗೊನ್ಸಾಲೆಸ್ ಮತ್ತು ಬ್ರಯನ್ ಬಾವರ್ ಇತ್ತೀಚೆಗೆ ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಇಂಕಾಗಳ ಕಾಲದಲ್ಲಿ ಊರಿನ ಹೆಸರು ಪಿಕ್ಚು, ಇಲ್ಲವೇ ವಾಯ್ನಾ ಪಿಕ್ಚು ಆಗಿದ್ದಿರಬೇಕು.

ಊರು, ಬೆಟ್ಟಗಳ ಹೆಸರಿನ ಈ ಗೊಂದಲವನ್ನು ಯಾವ ಕ್ಯಾಲೆಂಡರಿನಲ್ಲಾದರೂ ನೋಡಬಹುದು. ಪಾಳುಗೋಡೆಗಳ ಹಿಂದೆ ಮೂಗಿನಂತೆ ಚೂಪಾಗಿ ಎದ್ದು ನಿಲ್ಲುವ ಶಿಖರವನ್ನು ಎಲ್ಲರೂ ಮಾಚು ಪಿಕ್ಚು ಎಂದುಕೊಳ್ಳುತ್ತಾರೆ. ಅದು ಹುಡುಗ, ವಾಯ್ನಾ. ಅದಕ್ಕಿಂತ ಎತ್ತರದ ಹಿರಿಯ, ಚಿತ್ರ ತೆಗೆಯುವವರ ಬೆನ್ನ ಹಿಂದೆ ಉಳಿದುಬಿಡುತ್ತಾನೆ. ಅವನನ್ನು ಹತ್ತಬೇಕೆನ್ನುವವರು ಬೇರೆ ಟಿಕೆಟ್ ಕೊಳ್ಳಬೇಕು. ಊರೂ ಬೆಟ್ಟವೂ ಬೆರೆತುಹೋಗದಿರಲೆಂದು ಆ ಟಿಕೆಟ್ಟಿನಲ್ಲಿ 'ಮೊಂಟಾನ್ಯ ಮಾಚು ಪಿಕ್ಚು' ಎಂದಿರುತ್ತದೆ. ಮೊಂಟಾನ್ಯ ಎಂದರೆ ಸ್ಪ್ಯಾನಿಷಿನಲ್ಲಿ ಬೆಟ್ಟ. ಊರಿಗೆ ಹೆಸರು ಕೊಟ್ಟ ತಪ್ಪಿಗೆ, ತಾನು ಬೆಟ್ಟವೆಂದು ಬೆಟ್ಟವೇ ಬಿಡಿಸಿ ಹೇಳಿಕೊಳ್ಳಬೇಕಾಗಿದೆ.