ಮದರಾಸಿನ ಪಾಠವೂ ಲಸಿಕೆಯ ಗಡುವೂ

ಕನ್ನಡನಾಡು ಒಂದಾದ 1956ರಲ್ಲಿಯೇ ನಾವು ಬಂದು ನೆಲೆಸಿರುವ ಈ ನಗರದಲ್ಲಿ ಒಂದು ಮಹತ್ಕಾರ್ಯ ಪ್ರಾರಂಭವಾಯಿತು. ಅದೇ ಮದರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರ. ಇಂದು ಅದು ಚೇತುಪಟ್ಟಿನಲ್ಲಿ ರಾಷ್ಟ್ರೀಯ ಸಂಶೋಧನ ಸಂಸ್ಥೆಯಾಗಿ ನಿಂತಿದೆ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ನೆನೆಯುವುದು ಅನುಚಿತವಾಗಲಾರದು.

ಕ್ಷಯವೆಂದರೆ ಆಗ ಸ್ಯಾನಟೋರಿಯಂ ವಾಸ. ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ. ಬಡವನಿಗೆ ಇವು ಎಲ್ಲಿಂದ ಬರಬೇಕು? ಕೇಂದ್ರದವರು ಬಡ ರೋಗಿಗಳನ್ನು ಎರಡು ತಂಡ ಮಾಡಿ, ಒಂದನ್ನು ಸ್ಯಾನಟೋರಿಯಂಗೆ ಕಳಿಸಿ, ಇನ್ನೊಂದನ್ನು ಮನೆಯಲ್ಲಿಯೇ ಇರಿಸಿ, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಇಕ್ಕಟ್ಟಾದ ಮನೆಯಲ್ಲಿದ್ದು ಅರೆಹೊಟ್ಟೆ ಉಂಡವರೂ ಹೆಚ್ಚುಕಡಿಮೆ ಅಷ್ಟೇ ಗುಣ ಹೊಂದಿದರೆಂದು 1959ರಲ್ಲಿ ವರದಿ ಪ್ರಕಟವಾಯಿತು. ಜಗತ್ತಿನ ವೈದ್ಯರ ಸಲಹೆಯೇ ಬದಲಾಯಿತು. ಏಕೆ ಬದಲಾಯಿತೆಂಬುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದಾಗಿತ್ತು.

ಇದಕ್ಕೆ ಪ್ರತಿಯಾಗಿ 2021ನೆಯ ವರ್ಷವನ್ನು ನೋಡೋಣ. ಜನವರಿ 16ರಂದು ಲಸಿಕೆ ಆರಂಭವಾದಾಗ ಕೋವಿಶೀಲ್ಡ್‌ನ ಎರಡು ಚುಚ್ಚುಮದ್ದುಗಳ ನಡುವೆ 4ರಿಂದ 6 ವಾರ ಎಂದರು. ಅಂತರ ಹೆಚ್ಚಿದರೆ ರಕ್ಷಣೆಯೂ ಹೆಚ್ಚೆಂಬ ಬ್ರಿಟಿಷ್ ಪ್ರಯೋಗದ ಫಲಿತಾಂಶ ಫೆಬ್ರವರಿಯಲ್ಲಿಯೇ ಅಚ್ಚಾಗಿತ್ತು. ಆದರೂ ಮಾರ್ಚಿಯಲ್ಲಿ 6ರಿಂದ 8 ವಾರವಷ್ಟೇ ಆಯಿತು. ಮೇ 13ರಂದು, ದೇಶದಲ್ಲೆಲ್ಲ ಲಸಿಕೆಯ ಅಭಾವ ತಲೆದೋರಿದ್ದಾಗ, ಒಮ್ಮೆಲೇ 12ರಿಂದ 16 ವಾರವಾಯಿತು. ಬ್ರಿಟನ್ನಿನ ಅನುಭವವೇ ಆಧಾರವೆಂದು ಸರ್ಕಾರ ಹೇಳಿತು. ಆದರೆ ಮರುದಿನವೇ ಆ ಬ್ರಿಟನ್, ಹೊಸ ತಳಿಯ ಭಯದಿಂದ, 50 ದಾಟಿದವರಿಗೆ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸಿತು! ತಾವು ಒಪ್ಪಿದ್ದು 8ರಿಂದ 12 ವಾರಕ್ಕೆಂದು ಸಲಹಾ ಸಮಿತಿಯ ಕೆಲವು ಸದಸ್ಯರು ಜೂನ್‌ನಲ್ಲಿ ಹೇಳಿದರು. ನಿರ್ಣಯ ಸರ್ವಾನುಮತದ್ದೆಂದು ಸಮಿತಿಯ ಮುಖ್ಯಸ್ಥರು ಹೇಳಿದರು. ವಿದೇಶಕ್ಕೆ ಹೊರಟ ವಿದ್ಯಾರ್ಥಿಗೂ ಉದ್ಯೋಗಿಗೂ 28 ದಿನ ಸಾಕೆಂಬ ವಿನಾಯಿತಿಯೂ ಅದೇ ತಿಂಗಳು ಬಂದಿತು. 2022ರ ಮಾರ್ಚಿಯಲ್ಲಿ ಅಂತರವನ್ನು 8ರಿಂದ 16 ವಾರಕ್ಕೆ ಇಳಿಸಲು ಶಿಫಾರಸಾಯಿತು.

ಗೋಡೆಯ ಪಂಚಾಂಗದಲ್ಲಿ ಎರಡನೆಯ ಚುಚ್ಚುಮದ್ದಿನ ದಿನವನ್ನು ಗುರುತು ಹಾಕಿಕೊಂಡಿದ್ದ ನಮ್ಮ ಹಿರಿಯರು ಸಾಲಿನಿಂದ ಹಿಂದಿರುಗಿ ಬಂದರು. ತಮಿಳಿನ ಪ್ರಕಟಣೆಯನ್ನು ನೆರೆಯವರಿಂದ ಓದಿಸಿಕೊಂಡು, ಬೆಂಗಳೂರಿನ ಬಂಧುಗಳಿಗೆ ಫೋನು ಮಾಡಿ, ನಾವು ಅರ್ಥ ಹುಡುಕಿದೆವು. "ಹಿಂದೆ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದೋ?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ದೀರ್ಘ ಅಂತರ ತಪ್ಪೆಂದು ನಾವು ಹೇಳುತ್ತಿಲ್ಲ. ಅದರ ಪರವಾಗಿಯೂ ಪ್ರಮಾಣಗಳಿದ್ದವು. ಆದರೆ ಮೇ ತಿಂಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಹೊಸ ಸಂಗತಿ ಅಭಾವ. "ಲಸಿಕೆ ಸಾಲದು, ಮೊದಲು ಹೆಚ್ಚು ಜನರಿಗೆ ಒಂದೊಂದು ಕೊಡೋಣ" ಎಂದಿದ್ದರೆ, ಪಡಿತರದ ಸಾಲಿನಲ್ಲಿ ನಿಂತು ಬಾಳಿದ ಜನ ಅದನ್ನು ಅರಿಯದೆ ಇರುತ್ತಿದ್ದರೇ? ಲಸಿಕೆಯಲ್ಲಿ ನಂಬಿಕೆ ಕಳೆದುಕೊಳ್ಳುವುದು ನಮಗೇ ಹಾನಿ. ಆದರೆ ಮಾತು ಬದಲಾದಾಗ ಕಾರಣ ಕೇಳುವ ಹಕ್ಕು ನಮ್ಮದು. ಹೇಳುವ ಕರ್ತವ್ಯ ಅವರದು. 1959ರಲ್ಲಿ ಇದೇ ಊರಿನ ವೈದ್ಯರು ಅದನ್ನು ನಡೆಸಿ ತೋರಿಸಿದ್ದರು.