ಹಾಲ್‌ಗೆ ಯಾವ ಟಿವಿ ತರಬೇಕು? 4ಕೆ ಸ್ಟಿಕ್ಕರ್ ನೋಡುವ ಮೊದಲು ಸೋಫಾದ ದೂರ ಅಳೆಯಿರಿ

‘4ಕೆ ಇಲ್ಲದ ಟಿವಿ ತಗೊಂಡ್ರೆ ದುಡ್ಡು ವೇಸ್ಟ್.’ ‘ದೊಡ್ಡ ಟಿವಿ ಮಕ್ಕಳ ಕಣ್ಣು ಹಾಳು ಮಾಡುತ್ತೆ.’ ‘ಸ್ಟೆಬಿಲೈಸರ್ ಇಲ್ಲದೆ ಟಿವಿ ಆನ್ ಮಾಡಲೇಬೇಡಿ.’ ಹಬ್ಬದ ಆಫರ್‌ಗಳು ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಮೆಸೇಜುಗಳು ಓಡಾಡತೊಡಗುತ್ತವೆ. ಟಿವಿ ಎಂದರೆ ಬಹಳಷ್ಟು ಮನೆಗಳಲ್ಲಿ ತಿಂಗಳುಗಟ್ಟಲೆ ಇಎಂಐ ಕಟ್ಟಿ ತರುವ ವಸ್ತು. ತಪ್ಪು ಮಾಹಿತಿ ನಂಬಿದರೆ ಹೋಗುವುದು ನಿಮ್ಮದೇ ದುಡ್ಡು. ಹಾಗಾಗಿ ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ: ನಿಮ್ಮ ಮನೆಗೆ ಯಾವ ಟಿವಿ ಸರಿ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡು ಸಂಗತಿ: ಸೋಫಾದಿಂದ ಟಿವಿಗೆ ಎಷ್ಟು ದೂರ, ಮತ್ತು ಮನೆಯಲ್ಲಿ ಹೆಚ್ಚಾಗಿ ಏನು ನೋಡುತ್ತೀರಿ.

ಎಚ್‌ಡಿ, ಫುಲ್ ಎಚ್‌ಡಿ, 4ಕೆ ಎಂದರೇನು?

ಟಿವಿ ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. ಇವೇ ಪಿಕ್ಸೆಲ್‌ಗಳು. ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಟಿವಿಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. 4ಕೆಯಲ್ಲಿ 3840 ಮತ್ತು 2160, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು. 8ಕೆಯಲ್ಲಿ ಅದರ ಮತ್ತೆ ನಾಲ್ಕು ಪಟ್ಟು.

ಚುಕ್ಕಿ ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ ಎಂಬುದು ನಿಜ. ಆದರೆ ಅದನ್ನು ನೋಡುವ ಕಣ್ಣಿಗೂ ಒಂದು ಮಿತಿ ಇದೆ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸಬಲ್ಲದು. ಇದಕ್ಕಿಂತ ಸಣ್ಣದಾದರೆ ಎರಡು ಚುಕ್ಕಿಗಳು ಒಂದೇ ಆಗಿ ಕಾಣುತ್ತವೆ. ಈ ಲೆಕ್ಕದಲ್ಲಿ ಯಾವ ದೂರದಿಂದ ಆಚೆಗೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದಿಲ್ಲ ಎಂದರೆ:

- 32 ಇಂಚು: ಸುಮಾರು 4 ಅಡಿ
- 43 ಇಂಚು: ಸುಮಾರು 5.5 ಅಡಿ
- 50 ಇಂಚು: ಸುಮಾರು 6.5 ಅಡಿ
- 55 ಇಂಚು: ಸುಮಾರು 7 ಅಡಿ
- 65 ಇಂಚು: ಸುಮಾರು 8.5 ಅಡಿ

32 ಇಂಚಿನ ಟಿವಿಯನ್ನು 6 ಅಡಿ ದೂರದಿಂದ ನೋಡುವವರಿಗೆ ಎಚ್‌ಡಿ ರೆಡಿಗೂ ಫುಲ್ ಎಚ್‌ಡಿಗೂ ಕೂಡ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಎಷ್ಟು ಇಂಚು?

ಯಲಹಂಕ, ಆರ್.ಟಿ. ನಗರ, ಯಶವಂತಪುರದ ಕಡೆ 20×30 ಅಥವಾ 30×40 ಸೈಟಿನ ಮನೆಗಳು ಸಾಮಾನ್ಯ. ಬಾಡಿಗೆ ಮನೆಯಾದರೆ ಹಾಲ್ ಇನ್ನೂ ಚಿಕ್ಕದು. 10 ಅಡಿ ಅಗಲದ ಹಾಲ್‌ನಲ್ಲಿ ಸೋಫಾ, ಟಿವಿ ಸ್ಟ್ಯಾಂಡ್ ಇಟ್ಟ ಮೇಲೆ ಕಣ್ಣಿಗೂ ಪರದೆಗೂ ಉಳಿಯುವುದು 6ರಿಂದ 7 ಅಡಿ. ಹೆಬ್ಬಾಳದ ಕಡೆಯ ಅಪಾರ್ಟ್‌ಮೆಂಟ್‌ಗಳ ಉದ್ದನೆಯ ಹಾಲ್‌ಗಳಲ್ಲಿ 9-10 ಅಡಿ ಸಿಗಬಹುದು.

ನಾವು ಸೂಚಿಸುವ ಸುಲಭ ಲೆಕ್ಕ ಇದು: ದೂರವನ್ನು ಅಡಿಯಲ್ಲಿ ಅಳೆದು 6ರಿಂದ ಗುಣಿಸಿ. 7 ಅಡಿ ಇದ್ದರೆ 42, ಅಂದರೆ 43 ಇಂಚಿನ ಟಿವಿ. 9 ಅಡಿ ಇದ್ದರೆ 54, ಅಂದರೆ 55 ಇಂಚು. ಸಿನಿಮಾ, ಕ್ರಿಕೆಟ್ ಹೆಚ್ಚು ನೋಡುವವರು 7ರಿಂದ ಗುಣಿಸಬಹುದು. ಅಳತೆ ತೆಗೆಯುವಾಗ ಗೋಡೆಯಿಂದ ಗೋಡೆಗೆ ಅಳೆಯಬೇಡಿ. ಕೂತಾಗ ನಿಮ್ಮ ತಲೆ ಇರುವ ಜಾಗದಿಂದ ಪರದೆಯವರೆಗೆ ಅಳೆಯಿರಿ.

ಈಗ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 7 ಅಡಿ ದೂರದಲ್ಲಿ 43 ಇಂಚಿನ ಟಿವಿ ಇಟ್ಟರೆ 4ಕೆಯ ಹೆಚ್ಚುವರಿ ಚುಕ್ಕಿಗಳು ಬಹುತೇಕ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗೆಂದು 4ಕೆ ಬೇಡ ಎಂದಲ್ಲ. 43 ಇಂಚಿನಿಂದ ಮೇಲೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಟಿವಿಗಳು 4ಕೆಯೇ, ಬೆಲೆಯೂ ಹತ್ತಿರ ಹತ್ತಿರ ಇದ್ದರೆ ಧಾರಾಳವಾಗಿ ತನ್ನಿ. ಆದರೆ ಬರೀ ‘4ಕೆ’ ಎಂಬ ಹೆಸರಿಗೆ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಡಿ. 8ಕೆಯಂತೂ ಇಂಥ ಹಾಲ್‌ಗೆ ಬೇಕಿಲ್ಲ.

ನೀವು ನೋಡುವುದು ಏನು?

ಅಜ್ಜಿ ನೋಡುವ ಸೀರಿಯಲ್ 4ಕೆಯಲ್ಲಿ ಬರುವುದಿಲ್ಲ. ಕೇಬಲ್ ಮತ್ತು ಡಿಟಿಎಚ್‌ನಲ್ಲಿ ಕನ್ನಡ ಚಾನೆಲ್‌ಗಳು ಬರುವುದು ಎಸ್‌ಡಿ ಅಥವಾ ಎಚ್‌ಡಿಯಲ್ಲಿ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣಕ್ಕೆ ಬೇರೆಯೇ ಎಚ್‌ಡಿ ಚಾನೆಲ್‌ಗಳಿವೆ. ಹೊಸ ಟಿವಿ ತಂದ ಮೇಲೂ ‘ಚಿತ್ರ ಮಸುಕು’ ಎನಿಸಿದರೆ ಮೊದಲು ನೋಡಬೇಕಾದದ್ದು ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯದ್ದೇ, ಪ್ಯಾಕ್‌ನಲ್ಲಿ ಎಚ್‌ಡಿ ಚಾನೆಲ್ ಇದೆಯೇ ಎಂಬುದನ್ನು. ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ 720×576 ಚುಕ್ಕಿಗಳು. ಅದನ್ನೇ ದೊಡ್ಡ ಪರದೆಗೆ ಎಳೆದಾಗ ಮಸುಕಾಗಿ ಕಾಣುವುದು ಸಹಜ, ಟಿವಿಯ ತಪ್ಪಲ್ಲ.

4ಕೆ ವಿಡಿಯೊ ಸಿಗುವುದು ಮುಖ್ಯವಾಗಿ ಯೂಟ್ಯೂಬ್ ಮತ್ತು ಒಟಿಟಿಗಳಲ್ಲಿ. ಅದಕ್ಕೆ ಸುಮಾರು 15 ಎಂಬಿಪಿಎಸ್ ವೇಗದ ಇಂಟರ್ನೆಟ್ ಬೇಕು. ಕೆಲವು ಒಟಿಟಿಗಳಲ್ಲಿ 4ಕೆಗೆ ದುಬಾರಿ ಪ್ಲಾನ್ ತೆಗೆದುಕೊಳ್ಳಬೇಕು.

ಹತ್ತಿರ ಕೂತು ಟಿವಿ ನೋಡಿದರೆ ಕಣ್ಣು ಹಾಳಾಗುತ್ತದೆಯೇ?

ಈ ಭಯಕ್ಕೆ ಹಳೆಯ ಕಾರಣವೊಂದಿದೆ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿವಿಗಳಿಂದ ಮಿತಿಗಿಂತ ಹೆಚ್ಚು ಎಕ್ಸ್-ರೇ ಹೊರಬರುತ್ತಿದ್ದುದು ಪತ್ತೆಯಾಗಿತ್ತು. ಅದು ಪಿಕ್ಚರ್ ಟ್ಯೂಬ್ ಕಾಲ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ 1970ರಲ್ಲಿ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಿಕೆ ಶುರುಮಾಡಿತ್ತು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾದಾಗ ಮನೆಗಳಿಗೆ ಬಂದದ್ದೂ ಇಂಥ ಟ್ಯೂಬ್ ಟಿವಿಗಳೇ. ಆ ಟ್ಯೂಬಿನೊಳಗೆ ಸಾವಿರಾರು ವೋಲ್ಟ್‌ನಲ್ಲಿ ಎಲೆಕ್ಟ್ರಾನ್‌ಗಳು ಗಾಜಿಗೆ ಬಡಿಯುತ್ತಿದ್ದವು. ಇಂದಿನ ಎಲ್‌ಇಡಿ ಟಿವಿಯಲ್ಲಿ ಟ್ಯೂಬೂ ಇಲ್ಲ, ಆ ಎಕ್ಸ್-ರೇಯೂ ಇಲ್ಲ.

ಹತ್ತಿರದಿಂದ ನೋಡಿದರೆ ಕಣ್ಣು ದಣಿಯಬಹುದು, ಒಣಗಬಹುದು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆ. ವಿಶ್ರಾಂತಿ ಕೊಟ್ಟರೆ ಇದು ಸರಿಹೋಗುತ್ತದೆ.

ಆದರೆ ಒಂದು ಮಾತು ಗಮನಿಸಿ. ಮಗು ಎಷ್ಟು ಹೇಳಿದರೂ ಟಿವಿ ಹತ್ತಿರವೇ ಹೋಗಿ ಕೂರುತ್ತಿದ್ದರೆ ಅದು ಹಟ ಅಲ್ಲದೆಯೂ ಇರಬಹುದು. ದೂರದ್ದು ಸರಿಯಾಗಿ ಕಾಣದೆ ಹಾಗೆ ಮಾಡುತ್ತಿರಬಹುದು. ಬೈಯುವ ಬದಲು ಕಣ್ಣು ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ, ನಗರದ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಇದಕ್ಕೆ ಸೌಲಭ್ಯವಿದೆ. ಕನ್ನಡಕ ಬೇಕಿದ್ದರೆ ಬೇಗ ತಿಳಿದಷ್ಟೂ ಮಗುವಿನ ಓದಿಗೂ ಒಳ್ಳೆಯದು.

ಇನ್ನು ಕೆಲವು ನಂಬಿಕೆಗಳು

*‘ಎಲ್‌ಸಿಡಿ ಹಳೆಯದು, ಎಲ್‌ಇಡಿಯೇ ಬೇರೆ.’* ಪೂರ್ತಿ ನಿಜವಲ್ಲ. ಸಾಮಾನ್ಯ ಎಲ್‌ಇಡಿ ಟಿವಿ ಎಂದರೆ ಎಲ್‌ಸಿಡಿ ಪರದೆಯೇ. ಹಿಂದಿನಿಂದ ಬೆಳಕು ಕೊಡಲು ಎಲ್‌ಇಡಿ ದೀಪ ಹಾಕಿರುತ್ತಾರೆ, ಅಷ್ಟೇ. ಕ್ಯೂಎಲ್‌ಇಡಿಯೂ ಇದೇ ಜಾತಿ, ಬಣ್ಣ ಹೆಚ್ಚು ಚೆನ್ನಾಗಿರುತ್ತದೆ. ಒಎಲ್‌ಇಡಿ ಮಾತ್ರ ಬೇರೆ. ಅದರ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ.

*‘ದೊಡ್ಡ ಟಿವಿ ಎಸಿಯಷ್ಟು ಕರೆಂಟ್ ತಿನ್ನುತ್ತೆ.’* ಸುಳ್ಳು. 80 ವ್ಯಾಟ್‌ನ ಟಿವಿಯನ್ನು ದಿನಕ್ಕೆ 5 ಗಂಟೆ ನೋಡಿದರೆ ತಿಂಗಳಿಗೆ 12 ಯೂನಿಟ್. ಒಂದೂವರೆ ಟನ್ ಎಸಿ ಸುಮಾರು 10 ಗಂಟೆ ಓಡಿದರೆ ಅಷ್ಟು ಖರ್ಚಾಗುತ್ತದೆ. ಗೃಹಜ್ಯೋತಿಯ ಯೂನಿಟ್ ಮಿತಿಗೆ ಹತ್ತಿರ ಇರುವವರು ಬಿಇಇ ಸ್ಟಾರ್ ಲೇಬಲ್ ನೋಡಿ ತಂದರೆ ಒಳ್ಳೆಯದು.

*‘ಸ್ಟೆಬಿಲೈಸರ್ ಬೇಕೇ ಬೇಕು.’* ಟಿವಿಯ ಹಿಂಭಾಗದ ಲೇಬಲ್ ಓದಿ. 100-240 ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆಯಾದರೂ ಟಿವಿಯೇ ತಡೆದುಕೊಳ್ಳುತ್ತದೆ. ನಿಜವಾದ ಅಪಾಯ ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆ. ಸಿಡಿಲಿದ್ದಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಕಿತ್ತು, ಕೇಬಲ್ ಅಥವಾ ಡಿಶ್ ವೈರನ್ನೂ ಬಿಚ್ಚಿಡಿ.

*‘ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್‌ನಿಂದ ಚಿತ್ರ ಚೆನ್ನಾಗಿ ಬರುತ್ತೆ.’* ಸುಳ್ಳು. ಇದರಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್. ಟಿವಿಗೆ ಬೇಕಾದ ವೇಗದ ಸಾಧಾರಣ ಕೇಬಲ್ ಕೊಡುವ ಚಿತ್ರವೂ ಅದೇ.

ಅಂಗಡಿಗೆ ಹೋದಾಗ

- ಶೋರೂಮಿನ ಡೆಮೊ ವಿಡಿಯೊ ನೋಡಿ ಮರುಳಾಗಬೇಡಿ. ಬಣ್ಣ, ಬೆಳಕು ಜಾಸ್ತಿ ಮಾಡಿಟ್ಟಿರುತ್ತಾರೆ. ನೀವು ದಿನಾ ನೋಡುವ ಚಾನೆಲ್ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ದೂರ ನಿಂತು ನೋಡಿ.
- ‘ಸ್ಮಾರ್ಟ್’ ಎಂದರೆ ಎಲ್ಲ ಆ್ಯಪ್ ಇರುತ್ತದೆ ಎಂದಲ್ಲ. ನಿಮಗೆ ಬೇಕಾದ ಆ್ಯಪ್‌ಗಳನ್ನು ಅಲ್ಲೇ ತೆರೆಸಿ ನೋಡಿ.
- ಹಿಂಭಾಗದಲ್ಲಿ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ‘ಇಂಪೋರ್ಟೆಡ್ ಪ್ಯಾನೆಲ್, ಬಿಲ್ ಬೇಡ’ ಎನ್ನುವ ಕಡೆ ಕೊಳ್ಳಬೇಡಿ.
- ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ.
- ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಟಿವಿಯನ್ನು ಗೋಡೆಗೆ ಭದ್ರವಾಗಿ ಹಾಕಿಸಿ. ಮಗು ಹಿಡಿದೆಳೆದರೆ ಸ್ಟ್ಯಾಂಡ್ ಮೇಲಿನ ಟಿವಿ ಮೈಮೇಲೆ ಬೀಳಬಹುದು.

ಮೋಸವಾದರೆ, ಸರ್ವಿಸ್ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಆಗ ಬಿಲ್ ಕೈಯಲ್ಲಿರಲಿ.

ಮುಂದಿನ ಸಲ ಗ್ರೂಪಿನಲ್ಲಿ ‘4ಕೆ ಇಲ್ಲದ ಟಿವಿ ವೇಸ್ಟ್’ ಎಂಬ ಮೆಸೇಜ್ ಬಂದರೆ, ‘ನಿಮ್ಮ ಸೋಫಾ ಎಷ್ಟು ಅಡಿ ದೂರ?’ ಎಂದು ಕೇಳಿ. ಟಿವಿ ಕೊಳ್ಳುವ ಯೋಚನೆಯಲ್ಲಿರುವ ಮನೆಯವರಿಗೂ ಇದನ್ನು ಕಳುಹಿಸಿ.